‘ಬಿಡ್ರಿ’ ಅನ್ನದ ದನಿ

ಕಡೇ ಬಸ್ಸಿಳಿದು ಮನೆಗೆ ಹೊರಟ ಹೆಣ್ಣುಮಗಳು ಆಲದಮರದ ಹತ್ತಿರ ಉಸಿರು ಬಿಗಿಹಿಡಿದು ನಿಂತುಬಿಟ್ಟಳು. ಯಾಕಿರಬೇಕು, ಹೇಳ್ರಿ ನೋಡೋಣ? ಹಾವು ಅಂತೀರಿ. ಕಳ್ಳ ಅಂತೀರಿ. ಎರಡೂ ಅಲ್ಲ... ಚಾ ಆರತೈತಿ, ಕುಡಕೋತ ಕೇಳ್ರಿ.

ಆಕಿ ಭೋಜ ಊರಾಗ ನಮ್ಮ ಬಾಜೂ ಮನಿ ಸುಂದ್ರವ್ವನ ಸೊಸೆ ಉಜ್ವಲಾ. ನಿಪ್ಪಾಣಿಯ ಒಂದು ದವಾಖಾನೆಯಲ್ಲಿ ಎಕ್ಸರೇ ತೆಗೆಯುವ ಕೆಲಸ. ಕೊಡಿಸಿದವನು ಅಕ್ಕನ ಗಂಡ ಜ್ಞಾನದೇವ, ಅಲ್ಲೇ ಹಿರಿಯ ಆಪರೇಟರ್. ಭಾವನನ್ನು ದಾಜಿ ಅಂತ ಕರೀತಿದ್ದಳು, ಆಕೆಗೆ ಅವನೇ ದೇವರು. ಬಸುರಾದ ಸುದ್ದಿಯನ್ನು ಗಂಡನ ಬಿಟ್ಟರೆ ಅವನಿಗಷ್ಟೇ ಹೇಳಿದ್ದಳು. ಅವನು ತಲೆ ಸವರಿ, ಸೀಸದ ಏಪ್ರನ್ ಹೊಸದು ಬಂದೈತಿ, ನೀಲೀದು, ಅದನ್ನ ನೀನೇ ಹಾಕ್ಕೋ, ನನಗ ಹಳೇ ಹಸಿರು ನಡೀತೈತಿ ಅಂದಿದ್ದ. ಅಳುವ ಕೂಸುಗಳನ್ನು ಹಿಡಿದು ನಿಲ್ಲುವಾಗ ಹೊಟ್ಟೆಗೂ ಕಿರಣಕ್ಕೂ ನಡುವೆ ಅದೊಂದೇ ಅಡ್ಡ.

ಆ ರಾತ್ರಿ ಹೈವೇದಾಗ ಬೈಕ್ ಬಿದ್ದ ಕೇಸು ಬಂದು ತಡವಾಗಿತ್ತು. ಬೆಳಿಗ್ಗೆ ಹೆಂಗಸರು ಪೂಜೆ ಮಾಡಿ ಆಲಕ್ಕೆ ಸುತ್ತಿದ ನೂಲು ಬೆಳದಿಂಗಳಿಗೆ ಬೆಳ್ಳಗೆ ಹೊಳೀತಿತ್ತು. ಗಾಳಿ ಇಲ್ಲ. ಆದರೂ ಬಾವಿಯ ಗಡಗಡಿ ಕಿರ್... ಕಿರ್... ಅಂತು. ಬೆನ್ನ ಹಿಂದೆ ಹೆಣ್ಣುದನಿ.

"ಉಸರ ಹಿಡೀರಿ..."

ದಿನಾ ತಾನೇ ರೋಗಿಗಳಿಗೆ ಹೇಳುವ ಮಾತು. ರೂಢಿಯಿಂದ ಹಿಡಿದಳು. ಗುಂಯ್... ಟಕ್. ಎಕ್ಸರೇ ಮಶೀನು ಒತ್ತಿದಾಗಿನದೇ ಸದ್ದು. ಇನ್ನು ‘ಬಿಡ್ರಿ’ ಅನ್ನಬೇಕು. ಅನ್ನಲಿಲ್ಲ... ಎದೆ ಬಿರಿಯುವ ಹೊತ್ತಿಗೆ ಕಿವಿಯಲ್ಲೇ ಬಂತು.

"ನೀಲೀದರದೊಂದು ಫೋಟೋ ತಗೀ, ತಂಗಿ."

"ಯಾರವಾ ನೀ?"

"ಅದನ್ನ ಮೊದಲ ಹಾಕ್ಕೊಂಡಾಕಿ."

ತಿರುಗಿದರೆ ಬರೇ ನೂಲು.

ಮುಂಜಾನೆ ದಾಜಿ ಬರುವ ಮೊದಲೇ ಏಪ್ರನ್ನನ್ನು ಮೇಜಿನ ಮೇಲೆ ಹಾಸಿ ಎಕ್ಸರೇ ತೆಗೆದಳು. ಸೀಸ ಗಟ್ಟಿ ಇದ್ದರೆ ಚಿತ್ರ ಪೂರಾ ಬೆಳ್ಳಗಿರಬೇಕು. ಹೊಟ್ಟೆಯ ಭಾಗದಲ್ಲಿ ಕರೀ ಗೆರೆಗಳು, ಒಣಗಿದ ಕೆರೆಯ ತಳದ ಹಂಗ. ಏಪ್ರನ್ ತೂಗುಹಾಕಬೇಕು, ಮಡಚಿದರೆ ಒಳಗಿನ ಸೀಸ ಸೀಳತೈತಿ ಅಂತ ಕಲಿಸಿದವನೇ ದಾಜಿ.

ಅವನು ಒಳಗೆ ಬಂದ. ಚಿತ್ರ ಮುಂದಿಟ್ಟಳು.

"ದಾಜಿ, ಇದು ಹೊಸಾದೇನು?"

ಚಿತ್ರವನ್ನು ಬೋರಲು ಹಾಕಿದ. "ಬಟ್ಟಿ ಹೊಸಾದು..."

ಆಮೇಲೆ ಒಂದೊಂದೇ ಬಿಟ್ಟ. ಅದು ಆಕೆಗಿಂತ ಮೊದಲು ಅದೇ ಕೆಲಸದಲ್ಲಿದ್ದ ನೀಲಮ ಅನ್ನಾಕಿದು. ಎರಡು ಸಲ ಗರ್ಭ ಇಳಿದು, ಮೂರನೆಯ ಸಲ ತಾನೇ ತೀರಿಹೋದಾಕಿ. ದರ್ಜಿಯ ಕಡೆಯಿಂದ ಅದರ ಮೇಲೆ ನೀಲಿ ಬಟ್ಟೆ ಹೊಲಿಸಿದ್ದ. ಗಟ್ಟಿ ಇದ್ದದ್ದು ಹಸಿರೊಂದೇ.

"ಗೊತ್ತಿದ್ದೂ ಕೊಟ್ರಿ?"

"ನನಗೂ ಮಕ್ಕಳದಾವ, ಉಜ್ವಲಾ."

ಅವತ್ತೇ ಕೆಲಸ ಬಿಟ್ಟಳು. ಅವನನ್ನು ಮತ್ತೆಂದೂ ದಾಜಿ ಅನ್ನಲಿಲ್ಲ. ಹುಟ್ಟಿದ ಮಗಳು ಗಟ್ಟಿಮುಟ್ಟಾಗಿ ಈಗ ಇದೇ ಕಟ್ಟೆ ಮೇಲೆ ಆಡತಾಳ.

ಇನ್ನೊಂದು ಉಳೀತು. ಆ ಚಿತ್ರದಲ್ಲಿ, ದೊಡ್ಡ ಸೀಳಿನೊಳಗೆ, ನೀಲಮ ತಾಳಿಗೆ ಸಿಕ್ಕಿಸುತ್ತಿದ್ದಂಥ ಒಂದು ಪಿನ್ನು, ಬಾಯಿ ತೆರೆದದ್ದು. ಏಪ್ರನ್ ಜಾಡಿಸಿದರು, ಹೊಲಿಗೆ ಬಿಚ್ಚಿ ನೋಡಿದರು. ಪಿನ್ನು ಇರಲಿಲ್ಲ. ಚಿತ್ರದಾಗ ಇನ್ನೂ ಐತಿ. ಸುಳ್ಳಲ್ಲರಿ, ಆ ದನಿ ಕೇಳಿದ ರಾತ್ರಿ ವಟಪೂರ್ಣಿಮೆ, ಶುಕ್ರವಾರ... ೨೦೨೪ರ ಜೂನ್ ಇಪ್ಪತ್ತೊಂದು.