ಬಣ್ಣದಡಿಯಿಂದ ಎದ್ದ ಹೆಸರು

ಆ ಊರಿನಲ್ಲಿ ಮಳೆ ಬಂದರೆ ಓಡಿ ಹೋಗಿ ನಿಲ್ಲಲು ಇದ್ದದ್ದು ಒಂದೇ ಜಾಗ. ಬ್ಯಾಂಕು, ಇಗರ್ಜಿ, ಶೆರೀಫನ ಕಚೇರಿ, ದಿನಸಿ ಅಂಗಡಿ ಎಲ್ಲವೂ ಬೀದಿಯ ಎರಡೂ ಕಡೆ ಸಾಲಾಗಿ ನಿಂತಿದ್ದವು ನಿಜ. ಆದರೆ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಮತ್ತೆ ಅದೇ ಕೆಂಪು ಮಣ್ಣು, ಅದೇ ಆಕಾಶ, ಮುಂಗೋಡೆ ಬೀಳದಂತೆ ಹಿಂದಿನಿಂದ ಆನಿಸಿದ ನಾಲ್ಕು ತೊಲೆ. ಸೂರು ಅಂತ ಇದ್ದದ್ದು ಸಾರಾಯಿ ಅಂಗಡಿಗೆ ಮಾತ್ರ, ಯಾಕೆಂದರೆ ಸಿನಿಮಾದ ದೊಡ್ಡ ಹೊಡೆದಾಟ ಅದರೊಳಗೇ ನಡೆಯಬೇಕಿತ್ತು. ಹಾಗಾಗಿ 1961ರ ಆಗಸ್ಟಿನ ಆ ಮಧ್ಯಾಹ್ನ ಯೂಟಾದ ದಕ್ಷಿಣದ ಬಯಲಿಗೆ ಮಳೆ ಹಿಡಿದುಕೊಂಡಾಗ, ಕುದುರೆ ನೋಡಿಕೊಳ್ಳುವವರು, ಬಂಡಿ ಹೊಡೆಯುವವರು, ದಿನಗೂಲಿಯ ಕೌಬಾಯ್‌ಗಳು ಎಲ್ಲರೂ ಅಲ್ಲಿಗೇ ನುಗ್ಗಿದರು. ಖಾಲಿ ಬಾಟಲಿಗಳ ಮುಂದೆ ಕೂತು ಕಾಫಿ ಹೀರುತ್ತಾ, ಡಬ್ಬಿಯ ಅವರೆಬೇಳೆ ತಿನ್ನುತ್ತಾ ಮೋಡಕ್ಕೆ ಶಾಪ ಹಾಕುತ್ತಿದ್ದರು.

ಆರ್ಡಿತ್ ಕಿಟಕಿಯ ಪಕ್ಕ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಹತ್ತಿರದ ಕನಾಬ್ ಊರಿನ, ಮೂವತ್ತರ ಹೆಂಗಸು. ಕ್ಯಾಮೆರಾದ ಕಣ್ಣಿಗೆ ಬೀಳುವ ಪ್ರತಿಯೊಬ್ಬರ ಕಾಲ ಬುಡದಲ್ಲಿ ಒಂದೊಂದು ಗೂಟ ಹೊಡೆದು ಬಣ್ಣದ ಚಿಂದಿ ಕಟ್ಟುವುದು ಅವಳ ಕೆಲಸ. ಅದೇ ದೃಶ್ಯವನ್ನು ಮತ್ತೆ ತೆಗೆಯುವಾಗ ಎಲ್ಲರೂ ಅವರವರ ಜಾಗದಲ್ಲೇ ನಿಲ್ಲಬೇಕಲ್ಲ. ಬೆಳಿಗ್ಗೆ ಸ್ಮಶಾನದ ದೃಶ್ಯಕ್ಕೆ ಹೊಡೆದ ಗೂಟಗಳೆಲ್ಲ ಈಗ ಮಳೆಯಲ್ಲಿ ನೆನೆಯುತ್ತಿದ್ದವು. ಎಷ್ಟು ಉಳಿಯುತ್ತವೋ, ಎಷ್ಟು ಕಿತ್ತುಕೊಂಡು ಹೋಗುತ್ತವೋ ಎಂಬ ಚಿಂತೆ ಅವಳಿಗೆ.

"ಮಳೆಗೆ ಮುಂಚೆ ನಮ್ಮ ಡೈರೆಕ್ಟರ ಬಾಯಿಂದ ಗುಡುಗು ಬಂತು, ಕೇಳಿಸ್ತಾ ಓರ್ಲನ್ ತಾತಾ?" ಎಂದ ಡ್ಯೂಯಿ. ಕುದುರೆಯಿಂದ ಬೀಳುವುದನ್ನೇ ಕಸುಬು ಮಾಡಿಕೊಂಡಿದ್ದ ಆಸಾಮಿ, ಸುಮ್ಮನಿರುವ ಜಾಯಮಾನವಲ್ಲ. "ಸ್ಮಶಾನದಾಚೆ ಬಯಲಲ್ಲಿ ಯಾವನೋ ಮುದುಕ ನಿಂತ್ಕೊಂಡು ಟೋಪಿ ಬೀಸ್ತಿದ್ದ. ‘ಯಾರವನು, ಓಡಿಸ್ರೋ ಅವನ್ನ, ಇಲ್ಲಾ ಗುರುತು ಹಾಕಿ ನಿಲ್ಸಿ’ ಅಂತ ಕೂಗಿ ಕೂಗಿ ಗಂಟಲು ಹರ್ಕೊಂಡ್ರು. ನಾನಂತೂ ನೀವೇ ಅನ್ಕೊಂಡೆ!"

ಎಲ್ಲರೂ ನಕ್ಕರು. ಓರ್ಲನ್ ನಗಲಿಲ್ಲ. ಎಪ್ಪತ್ತು ದಾಟಿದ ಮುದುಕ, ಸಿನಿಮಾಕ್ಕೆ ಕಟ್ಟುವ ಇಂಥ ಊರುಗಳ ಬೋರ್ಡುಗಳನ್ನೆಲ್ಲ ಬರೆಯುವವನು. ಉಗುರಿನ ಸಂದಿಯ ಬಿಳಿ ಬಣ್ಣ ಹುಟ್ಟುವಾಗಲೇ ಬಂದಿತ್ತೇನೋ ಅನ್ನುವಂತಿತ್ತು.

"ಯಾವ ಕೈಲಿ ಬೀಸ್ತಿದ್ದ?"

"ಎಡಗೈಲಿ. ಬಲಗೈ ಹಂಗೇ ಜೋತಾಡ್ತಿತ್ತಪ್ಪ. ಯಾಕೆ?"

ಓರ್ಲನ್ ಕಾಫಿಯ ಲೋಟವನ್ನು ಕೆಳಗಿಟ್ಟ. ಆಮೇಲೆ, "ಬಾಗಿಲು ಮುಂದೆ ಮಾಡ್ರಯ್ಯಾ" ಎಂದ. "ನಗೋರು ಈಗಲೇ ನಕ್ಕು ಮುಗಿಸ್ಬಿಡಿ. ನಡುವೆ ಕಿಸಕ್ ಅಂದ್ರೆ ನಾನು ಎದ್ದು ಹೋಗೋನೇ..."

ಯಾರೂ ಕಿಸಕ್ಕನ್ನಲಿಲ್ಲ. ಅವನು ಶುರು ಮಾಡಿದ.

"ಇದೇ ಬಯಲು ಕಣ್ರಯ್ಯಾ, ಇದೇ ಆಗಸ್ಟು, ಮೂವತ್ತೊಂಬತ್ತನೇ ಇಸವಿ. ಆಗಲೂ ಒಂದು ಊರು ಕಟ್ಟಿದ್ವಿ, ಊರ ಪಕ್ಕ ಒಂದು ಸ್ಮಶಾನ. ಮಣ್ಣು ಗುಡ್ಡೆ ಹಾಕೋದು, ಮೇಲೆ ಹಲಗೆ ನೆಡೋದು, ಸಮಾಧಿ ಆಯ್ತು. ಹಲಗೆ ಮೇಲೆ ಯಾರ ಹೆಸರು ಬರೀಬೇಕು? ನಮ್ಮನಮ್ಮದೇ ಹೆಸರು! ಅದೊಂದು ತಮಾಷೆ ನಮಗೆ. ಅಡುಗೆಯವನು ಸತ್ತ, ಬಡಗಿ ಸತ್ತ, ಡೈರೆಕ್ಟರು ಎರಡು ಸಲ ಸತ್ತ... ನಂದೂ ಒಂದು ಬರೆದೆ. ‘ಓರ್ಲನ್ ಸ್ಪೆಂಡ್‌ಲವ್. ಕೆಟ್ಟ ಕಾಫಿ ಕುಡಿದು ಸತ್ತ.’ ಅಕ್ಷರ ಅಂದ್ರೆ ಅಕ್ಷರ, ನೋಡಿದೋರು ಸಾಯೋಕೆ ಆಸೆ ಪಡಬೇಕು, ಹಂಗಿತ್ತು!"

ಡ್ಯೂಯಿ ಬಾಯಿ ತೆರೆಯಲು ಹೋದ. ಆರ್ಡಿತ್ ಅವನ ಕಾಲು ತುಳಿದಳು.

"ಆರು ಕುದುರೆ ಬಂಡಿ ಹೊಡೀತಿದ್ದೋನು ಲೂಥರ್ ಪೀಬಲ್ಸ್ ಅಂತ. ಐಡಾಹೋ ಕಡೆಯೋನು. ಮಾತು ಕಮ್ಮಿ, ಮಾತಾಡಿದ್ರೆ ಹೆಂಡ್ತಿ ಸುದ್ದಿನೇ. ಹೆಸ್ಟರ್ ಹಿಂಗಂದ್ಲು, ಹೆಸ್ಟರ್ ಹಂಗಂದ್ಲು... ಎಲ್ಲಾರೂ ಆಡ್ಕೊಳ್ತಿದ್ವಿ ಪಾಪ. ಒಂದಿನ ಬಂಡಿ ಓಡಿಸೋ ದೃಶ್ಯ, ಚಕ್ರ ಕಳಚ್ಕೊಂಡ್ತು, ಬಂಡಿ ಅವನ ಮೇಲೇ ಮಗುಚ್ತು. ಬಲಗೈ ಮುರಿದಿತ್ತು, ಎದೆ ಒಡೆದಿತ್ತು. ಡಾಕ್ಟರಿಗೆ ಕಾಯೋಷ್ಟು ಹೊತ್ತೂ ಇರಲಿಲ್ಲ. ಆ ರಾತ್ರಿನೇ ಹಳ್ಳ ಬಂತು, ರಸ್ತೆ ಕೊಚ್ಕೊಂಡು ಹೋಯ್ತು, ಐದು ದಿನ ಆ ಕಡೆಯೋರು ಆ ಕಡೆ, ಈ ಕಡೆಯೋರು ಈ ಕಡೆ. ಆಗಸ್ಟಿನ ಬಿಸಿಲಲ್ಲಿ ಹೆಣ ಇಟ್ಕೊಳ್ಳೋಕೆ ಆಗುತ್ತಾ? ನಮ್ಮ ಸುಳ್ಳು ಸ್ಮಶಾನದ ಅಂಚಲ್ಲೇ ಅಗೆದು ಮಣ್ಣು ಮಾಡಿದ್ವಿ. ಹಲಗೆ ನಾನೇ ಬರೆದೆ. ಬರೀತಾ ಅತ್ತೆ... ಹೌದು, ಅತ್ತೆ, ಅದರಲ್ಲೇನು?

"ಸಿನಿಮಾ ಮುಗೀತು. ನಾನು ಮೊದಲ ಲಾರಿಲೇ ಹೊರಟುಬಿಟ್ಟೆ. ಹಿಂದುಗಡೆ ಸಾಮಾನು ಕಟ್ಟೋಕೆ ಬಂದೋರು ಹೊಸಬರು. ಅವರ ಪಾಲಿಗೆ ಹಲಗೆ ಅಂದ್ರೆ ಹಲಗೆ! ಎಲ್ಲಾ ಕಿತ್ತು ಒಂದೇ ಕಟ್ಟು ಕಟ್ಟಿದ್ರು. ಮುಂದಿನ ಸಿನಿಮಾಕ್ಕೆ ದಂಡು ಓಡೋಕೆ ಬಯಲು ಬೇಕಿತ್ತು, ಗುಡ್ಡೆ ಎಲ್ಲಾ ಮಟ್ಟ ಮಾಡಿದ್ರು. ಅದು ಸುಳ್ಳು, ಇದು ನಿಜ ಅಂತ ಅವರಿಗೆ ಯಾರು ಹೇಳ್ಬೇಕಿತ್ತು? ನಾನು. ಹೇಳಿದ್ನಾ? ಇಲ್ಲ."

ಮಳೆ ಸೂರಿನ ತಗಡಿನ ಮೇಲೆ ಜೋರಾಯಿತು. ಓರ್ಲನ್ ದನಿ ಏರಿಸಲಿಲ್ಲ. ಕೂತವರೇ ಹತ್ತಿರ ಸರಿದರು.

"ಮಾರನೇ ವರ್ಷ ವಸಂತಕ್ಕೆ ಹೆಸ್ಟರ್ ಬಂದ್ಲು. ಬಸ್ಸಲ್ಲಿ ಎರಡು ದಿನ ಕೂತು ಬಂದಿದ್ಲು, ತೊಡೆ ಮೇಲೆ ಡಬ್ಬಿ ಇಟ್ಕೊಂಡು, ಡಬ್ಬಿಲಿ ಒಂದು ಲೈಲಾಕ್ ಹೂವಿನ ಸಸಿ. ‘ನಮ್ಮೋರ ಸಮಾಧಿ ತೋರಿಸಪ್ಪಾ’ ಅಂದ್ಲು... ನೀವಾಗಿದ್ರೆ ಏನು ಮಾಡ್ತಿದ್ರಿ? ನಿನ್ನ ಗಂಡನ್ನ ಎಲ್ಲಿ ಹೂತಿದೀವೋ ನಮಗೇ ಗೊತ್ತಿಲ್ಲ ತಾಯಿ ಅಂತ ಅವಳ ಮುಖ ನೋಡ್ಕೊಂಡು ಅಂತಿದ್ರಾ? ನನ್ನ ಕೈಲಾಗಲಿಲ್ಲ. ‘ಮೊದಲು ಊಟ ಮಾಡಮ್ಮಾ’ ಅಂತ ಕೂರಿಸಿ ಸಿನಿಮಾ ಸಾಮಾನಿನ ಗೋದಾಮಿಗೆ ಓಡಿದೆ. ಲೂಥರನ ಹಲಗೆ ಇರಲಿಲ್ಲ, ಯಾವುದೋ ಊರು ಸುಡೋ ದೃಶ್ಯದಲ್ಲಿ ಅದೂ ಉರಿದು ಹೋಗಿತ್ತು. ಕೈಗೆ ಸಿಕ್ಕಿದ್ದು ಒಂದೇ, ನನ್ನ ತಮಾಷೆ ಹಲಗೆ. ಮೇಲೆ ಒಂದು ಕೈ ಸುಣ್ಣ ಹೊಡೆದೆ, ಅವನ ಹೆಸರು ಬರೆದೆ, ಬಯಲಲ್ಲಿ ಮಣ್ಣು ಗುಡ್ಡೆ ಹಾಕಿ ನೆಟ್ಟೆ. ಕೆಳಗೆ ಯಾರಿದ್ರು? ಯಾರೂ ಇರಲಿಲ್ಲ!

"ಕರ್ಕೊಂಡು ಹೋದೆ. ಮಂಡಿಯೂರಿ ಕೂತ್ಲು. ಹೆಸರಿನ ಮೇಲೆ ಬೆರಳಾಡಿಸಿದ್ಲು. ಬಣ್ಣ ಒಣಗಿರಲಿಲ್ಲ, ಬೆರಳಿಗೆ ಕಪ್ಪಗೆ ಮೆತ್ಕೊಂಡ್ತು. ಬೆರಳು ನೋಡ್ಕೊಂಡ್ಲು, ನನ್ನ ಮುಖ ನೋಡಿದ್ಲು... ‘ನಾನು ಬರ್ತೀನಿ ಅಂತ ಹೊಸದಾಗಿ ಬಣ್ಣ ಹಾಕಿದ್ಯಾ? ಎಷ್ಟು ಒಳ್ಳೆಯವನಪ್ಪಾ ನೀನು’ ಅಂದ್ಲು. ಆ ಮಾತು ಇವತ್ತಿಗೂ ಸುಡ್ತಿದೆ ಕಣ್ರೋ. ಬೈದಿದ್ರೆ ಮರೀತಿದ್ದೆ.

"ಸಸಿ ನೆಟ್ಟು ಹೋದ್ಲು. ವರ್ಷ ವರ್ಷ ಕಾಗದ ಬರೀತಿದ್ಲು, ಗಿಡ ಹೆಂಗಿದೆ ಅಂತ. ನಿಜ ಬರೀಬೇಕು ಅಂತ ನಾನೂ ಪ್ರತಿ ಸಲ ಕೂತ್ಕೊಳ್ತಿದ್ದೆ, ‘ಗಿಡ ಚೆನ್ನಾಗಿದೆ’ ಅಂತ ಬರೆದು ಮುಗಿಸ್ತಿದ್ದೆ. ನಲವತ್ತಾರರಲ್ಲಿ ಅವಳೇ ಬಂದ್ಲು, ಪೆಟ್ಟಿಗೆಯೊಳಗೆ. ಗಂಡನ ಪಕ್ಕದಲ್ಲೇ ಮಲಗಿಸಿ ಅಂತ ಬಾಯಿಬಿಟ್ಟು ಹೇಳಿ ಸತ್ತಿದ್ಲಂತೆ. ಅವಳ ಅಳಿಯ ತಂದು ಆ ಖಾಲಿ ಗುಡ್ಡೆ ಪಕ್ಕ ಹೂತು, ಕಲ್ಲು ನಿಲ್ಲಿಸಿ ಹೋದ. ಆವಾಗಲೂ ನಾನು ಅಲ್ಲೇ ಇದ್ದೆ... ಟೋಪಿ ತೆಗೆದು ಕೈಲಿ ಹಿಡ್ಕೊಂಡು ಮೂಗನ ಹಂಗೆ ನಿಂತಿದ್ದೆ."

"ಅಯ್ಯೋ ತಾತಾ..." ಎಂದಳು ಆರ್ಡಿತ್. ಸ್ಮಶಾನದ ದೃಶ್ಯದ ಅಂಚಿಗಿದ್ದ ಆ ಕಲ್ಲು, ಅದರ ಪಕ್ಕದ ಲೈಲಾಕ್ ಪೊದೆ ಅವಳಿಗೆ ಗೊತ್ತಿದ್ದವೇ. ಬೆಳಿಗ್ಗೆ ಅಲ್ಲೇ ಬುತ್ತಿ ಇಟ್ಟುಕೊಂಡಿದ್ದಳು.

"ಅದೇ ವರ್ಷದಿಂದ ಲೂಥರ್ ಕಾಣಿಸ್ಕೊಳ್ಳೋಕೆ ಶುರು ಮಾಡಿದ್ದು. ಇಲ್ಲಿ ಕ್ಯಾಮೆರಾ ನಿಲ್ಲಿಸಿದ್ರೆ ಸಾಕು, ದೂರದಲ್ಲಿ ನಿಂತು ಟೋಪಿ ಬೀಸ್ತಾನೆ. ಹೆದರಿಸೋಕಲ್ಲ! ಬಸ್ಸು ತಪ್ಪಿಹೋದೀತು ಅಂತ ಕೈ ಬೀಸ್ತಾರಲ್ಲ, ಹಂಗೆ. ಇಲ್ಲಿದೀನಿ, ಇಲ್ಲಿದೀನಿ ಅಂತ... ಯಾರನ್ನ ಕರೀತಾನೆ? ಬಿಡಿಸಿ ಹೇಳ್ಬೇಕಾ? ನಾನು ಓಡ್ತೀನಿ. ಹತ್ತಿರ ಹೋಗೋಷ್ಟರಲ್ಲಿ ಬರೀ ಬಯಲು. ಒಂದು ಮರ ಇಲ್ಲ, ಒಂದು ಬಂಡೆ ಇಲ್ಲ, ಎಲ್ಲಿ ನಿಂತಿದ್ದ ಅಂತ ಹೆಂಗೆ ಹೇಳೋದು? ಹನ್ನೊಂದು ಕಡೆ ಅಗೆದಿದೀನಿ ಈ ಕೈಲಿ. ಏನೂ ಸಿಗಲಿಲ್ಲ.

"ಇನ್ನು ಹಲಗೆ ಕತೆ ಕೇಳಿ. ನೆಟ್ಟು ಎರಡು ಬೇಸಿಗೆ ಕಳೀತು, ಲೂಥರನ ಹೆಸರು ಮಾಸ್ತು, ಅಡಿಯಿಂದ ನನ್ನ ಹೆಸರು ಎದ್ದು ಬಂತು. ಅದರಲ್ಲೇನೂ ವಿಶೇಷ ಇಲ್ಲ, ಹಳೇ ಬಣ್ಣ ಗಟ್ಟಿ ಇದ್ರೆ ಹೊಸದನ್ನ ತಳ್ಕೊಂಡು ಮೇಲೆ ಬರುತ್ತೆ, ನಮ್ಮ ಕಸುಬಲ್ಲಿ ಎಲ್ಲರಿಗೂ ಗೊತ್ತು. ಮತ್ತೆ ಬರೆದೆ. ಮತ್ತೆ ಎದ್ದಿತು. ಆಮೇಲೆ ಬೇಸತ್ತು ಹೊಸಾ ಹಲಗೆ ತಂದೆ. ಹಸೀ ಪೈನ್ ಮರ, ನಾನೇ ಕೊಯ್ಸಿದ್ದು, ನಾನೇ ಹತ್ರಿ ಹೊಡೆದು ನುಣುಪು ಮಾಡಿದ್ದು, ಅದರ ಮೇಲೆ ಲೂಥರನ ಹೆಸರು ಬಿಟ್ಟು ಇನ್ನೊಂದು ಗೆರೆ ಎಳೆದಿಲ್ಲ. ಮರು ಬೇಸಿಗೆಗೆ ಹೋಗಿ ನೋಡ್ತೀನಿ... ‘ಓರ್ಲನ್ ಸ್ಪೆಂಡ್‌ಲವ್. ಕೆಟ್ಟ ಕಾಫಿ ಕುಡಿದು ಸತ್ತ.’"

ಯಾರೋ ಕುಡಿಯುತ್ತಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ ಸದ್ದಾಯಿತು.

"ಇವತ್ತು ಬೆಳಿಗ್ಗೆ ನೋಡ್ಕೊಂಡು ಬಂದೆ. ಲೂಥರನ ಹೆಸರಿನ ಒಂದಕ್ಷರನೂ ಉಳಿದಿಲ್ಲ. ನಂದು ಮಾತ್ರ, ನಿನ್ನೆ ಬರೆದಂಗೆ ಹೊಳೀತಿದೆ. ನನಗೆ ಅರ್ಥ ಆಗಲ್ವಾ? ಆ ಜಾಗ ಒಬ್ಬರನ್ನ ಕೇಳ್ತಿದೆ. ಅವಳ ಪಕ್ಕ ಅವನು ಬರ್ಬೇಕು, ಇಲ್ಲಾ ಹಲಗೆ ಮೇಲೆ ಹೆಸರಿರೋನು ಬರ್ಬೇಕು. ಸಾಯೋಕೆ ನನಗೇನು ಭಯ? ವಯಸ್ಸಾಯ್ತು. ಆದರೆ ಆ ತಾಯಿ ಪಕ್ಕ ನಾನು ಹೋಗಿ ಮಲಗಿದ್ರೆ... ಒಂದು ಸಲ ಮೋಸ ಮಾಡಿದ್ದು ಸಾಲದಾ? ಅವನು ಇನ್ನು ಯಾವತ್ತಿಗೂ ಆ ಬಯಲಲ್ಲೇ ಟೋಪಿ ಬೀಸ್ಕೊಂಡು ನಿಂತಿರ್ಬೇಕಾ?"

ಮುದುಕ ಕಣ್ಣೊರೆಸಿಕೊಂಡ. ಡ್ಯೂಯಿ ತಲೆ ತಗ್ಗಿಸಿದ್ದ. ಆರ್ಡಿತ್ ಮುಂದಕ್ಕೆ ಬಾಗಿದಳು.

"ತಾತಾ... ನಾನು ಗೂಟ ಹೊಡೆದೆ."

"ಏನು?"

"ಬೆಳಿಗ್ಗೆ. ಓಡಿಸಿ, ಇಲ್ಲಾ ಗುರುತು ಹಾಕಿ ಅಂದ್ರಲ್ಲ ಡೈರೆಕ್ಟರು? ಅಲ್ಲಿವರೆಗೂ ಹೋದೋಳು ಇನ್ನು ಜಗಳ ಯಾಕೆ ಅಂತ ಗುರುತೇ ಹಾಕಿದೆ. ಬಗ್ಗಿ ಕಾಲ ಬುಡದಲ್ಲಿ ಗೂಟ ಹೊಡೆದು, ಹಳದಿ ಚಿಂದಿ ಕಟ್ಟಿ, ಹಂಗೇ ತಿರುಗಿ ಬಂದೆ."

"ನಿಂತಿದ್ನಾ? ನೀನು ಹೋಗೋವರೆಗೂ ನಿಂತಿದ್ನಾ? ಮುಖ ನೋಡಿದ್ಯಾ?"

"ಮುಖ ಎಲ್ಲಿ ನೋಡ್ತೀವಿ ತಾತಾ ನಾವು? ಕಾಲು ನೋಡ್ಕೊಂಡೇ ಹೋಗೋದು, ಕಾಲು ನೋಡ್ಕೊಂಡೇ ಬರೋದು. ಹಳೇ ಬೂಟು. ಎಡಗಾಲಿಂದು ಪಕ್ಕದಲ್ಲಿ ಒಡೆದಿತ್ತು. ಇಷ್ಟೇ ಕಂಡಿದ್ದು."

"ಹದಿನೈದು ವರ್ಷ ಮುಖ ನೋಡ್ಕೊಂಡು ಓಡಿದೆನಲ್ಲಾ..." ಎಂದು ಓರ್ಲನ್ ತನಗೆ ತಾನೇ ಅಂದುಕೊಂಡ. ಆಮೇಲೆ ಗೋಡೆಗೊರಗಿಸಿದ್ದ ಸಲಿಕೆ ತೆಗೆದುಕೊಂಡು ಎದ್ದ.

"ಮಳೆ ನಿಲ್ಲಲಿ ಇರಿ ತಾತಾ" ಎಂದ ಡ್ಯೂಯಿ.

"ಇಪ್ಪತ್ತೆರಡು ವರ್ಷ ಕಾಯ್ಸಿದೀನಿ ಅವನನ್ನ. ಇನ್ನೂ ಕಾಯ್ಸು ಅಂತೀಯಾ?"

ಅವನು ಹೊರಟೇಬಿಟ್ಟ. ಆರ್ಡಿತ್ ಕೋಟು ತಲೆಯ ಮೇಲೆಳೆದುಕೊಂಡು ಹಿಂದೆ ಓಡಿದಳು, ಡ್ಯೂಯಿ ಇನ್ನೊಂದು ಸಲಿಕೆ ಹುಡುಕಿಕೊಂಡು ಅವಳ ಹಿಂದೆ. ಸುಳ್ಳು ಬೀದಿ ದಾಟಿ, ಸ್ಮಶಾನ ದಾಟಿ, ಲೈಲಾಕ್ ಪೊದೆಯ ಪಕ್ಕದ ಹಲಗೆಯತ್ತ ಯಾರೂ ನೋಡದೆ ಬಯಲಿಗಿಳಿದರು. ಕೆಂಪು ನೀರು ಪಾದ ಮುಚ್ಚುವಷ್ಟು ಹರಿಯುತ್ತಿತ್ತು. ಅರ್ಧಕ್ಕರ್ಧ ಗೂಟಗಳು ಬಿದ್ದು ತೇಲಿ ಹೋಗಿದ್ದವು. ಎಲ್ಲಕ್ಕಿಂತ ಆಚೆಯದು, ಹಳದಿ ಚಿಂದಿಯದು, ನೆಟ್ಟಗೆ ನಿಂತಿತ್ತು.

ಹತ್ತಿರ ಹೋದ ಮೂವರೂ ಅಲ್ಲೇ ನಿಂತುಬಿಟ್ಟರು. ಗೂಟದ ಮುಂದೆ ಒಂದಾಳು ಉದ್ದ, ಎರಡು ಮೊಳ ಅಗಲ ನೆಲ ಒಣಗಿಯೇ ಇತ್ತು. ಸುತ್ತ ಹರಿಯುವ ನೀರು ಅದರ ಅಂಚಿಗೆ ಬಂದು ಬಳಸಿಕೊಂಡು ಹೋಗುತ್ತಿತ್ತು. ಮೇಲಿನಿಂದ ಸುರಿಯುವ ಮಳೆಯ ಒಂದು ಹನಿಯೂ ಅಲ್ಲಿ ಬೀಳುತ್ತಿರಲಿಲ್ಲ. ಚಿಂದಿ ಒಣಗಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು.

ಡ್ಯೂಯಿ ಎರಡು ಹೆಜ್ಜೆ ಹಿಂದೆ ಸರಿದ. ಓರ್ಲನ್ ಟೋಪಿ ತೆಗೆದು ಆರ್ಡಿತ್‌ಳ ಕೈಗೆ ಕೊಟ್ಟ. ಬೋಳುತಲೆಯ ಮೇಲೆ ಮಳೆ ಸುರಿಯುತ್ತಿರಲು, ಒಣ ನೆಲದ ಅಂಚಿನಲ್ಲಿ ಮಂಡಿಯೂರಿ, ಮಲಗಿದವರನ್ನು ಎಬ್ಬಿಸುವಂತೆ ಅಂಗೈಯಿಂದ ಮಣ್ಣನ್ನು ಮೆಲ್ಲಗೆ ತಟ್ಟಿದ.

"ಏಳಪ್ಪಾ ಲೂಥರ್" ಎಂದ. "ಹೆಸ್ಟರ್ ಅಲ್ಲೇ ಇದಾಳೆ, ನೂರು ಹೆಜ್ಜೆ ಅಷ್ಟೇ. ಬಾ, ನಾನೇ ಕರ್ಕೊಂಡು ಹೋಗ್ತೀನಿ."

ಅವನ ಅಂಗೈಯಡಿಯ ಮಣ್ಣು, ಒಳಗಿನಿಂದ, ಎರಡು ಸಲ ಮೆಲ್ಲಗೆ ತಟ್ಟಿತು.