ಒಣ ಬೂಟು

ಲಂಡನ್ನಿನ ಯೂಸ್ಟನ್ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ನಡುವಯಸ್ಸಿನ ದಂಪತಿ ನಿಂತಿದ್ದರು. ವಿಂಡರ್‌ಮಿಯರ್ ಸರೋವರಕ್ಕೆ ಹೊರಟವರು.

“ಆ ಮಳೆಕೋಟು ಯಾಕೆ ಹೊತ್ಕೊಂಡಿದೀಯ, ಗ್ಲೆಂಡಾ? ನವೆಂಬರಲ್ಲಿ ನಾನಲ್ಲಿದ್ದ ವಾರವೆಲ್ಲ ಒಂದು ಹನಿ ಬೀಳಲಿಲ್ಲ.”

“ಸದಾ ಮಳೆ ಸುರಿಯೋ ಆ ಸೀಮೇಲಿ? ನವೆಂಬರಲ್ಲಿ?”

“ನನ್ನ ಅದೃಷ್ಟ. ನಿನಗ್ಯಾಕೆ ಹೊಟ್ಟೆಉರಿ?”

“ಅದಕ್ಕೇ ವಾಪಸ್ ಬಂದಾಗ ನಿನ್ನ ಬೂಟಿಗೆ ಒಂದು ಚೂರೂ ಕೆಸರಿರಲಿಲ್ಲ. ಸರಿ, ರೈಲು ಎಲ್ಲಿ ಬದಲಾಯಿಸ್ಬೇಕು?”

“ಬದಲಾಯಿಸೋದೇನು ಬಂತು? ಇಲ್ಲಿ ಹತ್ತಿದ್ರೆ ಅಲ್ಲೇ ಇಳಿಯೋದು.”

“ಇಲ್ಲಿಂದ ಹೋಗೋರೆಲ್ಲ ಆಕ್ಸನ್‌ಹೋಮಲ್ಲಿ ಇಳಿದು ಇನ್ನೊಂದು ರೈಲು ಹತ್ತಲೇಬೇಕು, ಕ್ಲೈವ್. ಆ ವಾರ ಯಾರ ಮನೇಲಿದ್ದೆ?”

“ಮೆತ್ತಗೆ. ಜನ ನೋಡ್ತಿದಾರೆ.”

“ನೋಡ್ಲಿ.”

ಅಷ್ಟರಲ್ಲಿ ಅವರ ಸರದಿ ಬಂತು.

“ವಿಂಡರ್‌ಮಿಯರ್‌ಗೆ ಒಂದು ಟಿಕೆಟ್ ಕೊಡಿ. ಒಂದೇ,” ಎಂದು ಪಡೆದುಕೊಂಡು ಆಕೆ ಪ್ಲಾಟ್‌ಫಾರಂ ಕಡೆ ನಡೆದಳು.

ಗುಮಾಸ್ತ ಕತ್ತೆತ್ತಿದ. “ನಿಮಗೆಲ್ಲಿಗೆ, ಸರ್?”

ಕ್ಲೈವ್ ಸಾಲು ಬಿಟ್ಟು ಹೋದ.