ತೊಟ್ಟಿಲಿನ ಬಣ್ಣ

ಕಲಘಟಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತೊಟ್ಟಿಲು ಮಾಡುವ ಕುಬೇರಪ್ಪ, ಹೆಂಡತಿ ನೀಲಕ್ಕನೊಡನೆ ಅಳ್ನಾವರದ ಬಸ್ಸಿಗೆ ಕಾಯುತ್ತಿದ್ದ. ಕಾಲ ಬಳಿ ಉಳಿ, ಸುತ್ತಿಗೆಗಳ ಚೀಲ.

“ಬಣ್ಣದ ಸಲುವಾಗಿ ಅಣ್ಣನ ಕಾರಖಾನಿ ಬಿಟ್ಟವರು ನೀವೊಬ್ರ ನೋಡ್ರಿ,” ನೀಲಕ್ಕ ನಕ್ಕಳು.

“ಅರಗಿನ ಬಣ್ಣ ಬಿಟ್ಟು ಡಬ್ಬಿ ಪೇಂಟ್ ಹಚ್ಚೂದು ನನ್ನ ಕೈಲೆ ಆಗೂದಿಲ್ಲ ಅಂದೆ. ಅಷ್ಟ.”

“ಪೇಂಟೂ ಮಿಂಚತದಲ್ರಿ.”

“ಮಿಂಚತದ.”

“ಲಗೂನ ಒಣಗತದ.”

“ಅದೂ ಖರೇ.”

“ನಾಳೆಯಿಂದ ಅಳ್ನಾವರದಾಗ ಬಾಗಲಾ ಮಾಡವರು ನೀವು. ಅಲ್ಲಿ ಸಾವಕಾರನೂ ಪೇಂಟ್ ಹಚ್ಚು ಅಂದ್ರ, ನಾ ಮತ್ತ ಗಂಟು ಕಟ್ಟಬೇಕೇನು?”

ಬಸ್ಸು ಬಂತು. ಕುಬೇರಪ್ಪ ಚೀಲ ಎತ್ತಿಕೊಂಡ.

“ಹಚ್ಚತೇನಿ. ಹಲ್ಲು ಬರೂ ಕೂಸು ತೊಟ್ಟಿಲಾ ಕಡೀತದ. ಬಾಗಲಾ ಯಾರು ಕಡೀತಾರ?”



“ಹತ್ರಿ ಮೊದಲ,” ಎಂದು ನೀಲಕ್ಕ ಅವನ ಕೈಯ ಚೀಲ ತಾನೇ ತೆಗೆದುಕೊಂಡು ಬಸ್ಸು ಹತ್ತಿದಳು.